ಗ್ಯಾರೇಜಿನ ಬಾಯಿ, ಚರ್ಚಿನ ಬಾಯಿ

ಪ್ರಶ್ನೆ: ನನಗೆ 38 ವರ್ಷ. ಲಿಂಗರಾಜಪುರದ ಕಡೆ ಸಣ್ಣದೊಂದು ಟೂ ವೀಲರ್ ಗ್ಯಾರೇಜ್ ಇದೆ. ಭಾನುವಾರ ಚರ್ಚಿನ ಕನ್ನಡ ಆರಾಧನೆಯಲ್ಲಿ ಬೈಬಲಿನ ವಾಕ್ಯ ಓದುತ್ತೇನೆ. ಹೋದ ವಾರ ನಮ್ಮ ಸಭೆಯ ಹಿರಿಯರೊಬ್ಬರ ಸ್ಕೂಟರ್ ರಿಪೇರಿಗೆ ಬಂದಿತ್ತು. ‘ದೇವರಾಣೆ ಸಂಜೆ ಕೊಡ್ತೀನಿ’ ಅಂದಿದ್ದೆ. ನಮ್ಮ ಹುಡುಗ ಜೆ.ಸಿ. ರಸ್ತೆಗೆ ಹೋಗಿ ಬೇರೆ ಗಾಡಿಯ ಕ್ಲಚ್ ಕೇಬಲ್ ತಂದ. ‘ಥೂ ಮುಂಡೇಮಗನೇ’ ಅಂತ ಶುರು ಮಾಡಿ ಬಾಯಿಗೆ ಬಂದಿದ್ದೆಲ್ಲ ಬೈದೆ. ಹಿರಿಯರು ಹಿಂದೆಯೇ ನಿಂತಿದ್ದರು. ನನಗೆ ಏನೂ ಹೇಳಲಿಲ್ಲ. ನನ್ನ ಹೆಂಡತಿಗೆ ಫೋನ್ ಮಾಡಿ ‘ಈ ಬಾಯಲ್ಲಿ ವಾಕ್ಯ ಓದೋದಾ’ ಅಂದರಂತೆ. ಅವಳು ಈಗ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಹುಡುಗನಿಗೆ 19 ವರ್ಷ, ರಾಯಚೂರು ಕಡೆಯವನು, ಅಪ್ಪ ಇಲ್ಲ, ಕೆಲಸ ಕಲಿಸ್ತಿರೋನು ನಾನೇ. ಕಾಲ ಮೇಲೆ ಸ್ಪ್ಯಾನರ್ ಬಿದ್ದಾಗ ಸ್ತೋತ್ರ ಹೇಳೋಕಾಗುತ್ತಾ? ಬೈಯೋದು ನಿಜವಾಗಿ ಪಾಪಾನಾ? ಓದೋದು ಬಿಟ್ಟುಬಿಡಲಾ?

ಉತ್ತರ: ಸ್ಪ್ಯಾನರ್ ವಿಷಯ ಮೊದಲು ಮುಗಿಸಿಬಿಡೋಣ. ಅದಕ್ಕೆ ಬೈದರೆ ಅದಕ್ಕೇನೂ ಬೇಜಾರಾಗಲ್ಲ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲ ಕೆಟ್ಟ ಮಾತು, ಹೊಲಸು ಮಾತು ಬೇಡ ಅಂತ ನೇರವಾಗಿಯೇ ಬರೆದಿದ್ದಾನೆ. ಹಾಗಾಗಿ ‘ಪರವಾಗಿಲ್ಲ ಬಿಡಿ’ ಅಂತ ನಾನು ಹೇಳಲಾರೆ. ಆದರೆ ನೋವಿಗೆ ಹೊರಬಿದ್ದ ಒಂದು ಮಾತಿಗೆ ನಿದ್ದೆಗೆಡಬೇಡಿ.

ನಿಮ್ಮ ಕಾಗದ ಎರಡನೇ ಸಲ ಓದಿದಾಗ ಒಂದು ಜಾಗದಲ್ಲಿ ನಿಂತುಬಿಟ್ಟೆ. ಮುಂಡೇಮಗ ಅಂದರೆ ಏನು? ಗಂಡ ಸತ್ತವಳ ಮಗ. ನಾವು ದಿನಕ್ಕೆ ಹತ್ತು ಸಲ ಕೇಳ್ತೀವಿ, ಅರ್ಥ ಸವೆದುಹೋಗಿದೆ, ಸುಮ್ನೆ ಸದ್ದಾಗಿದೆ. ಆದರೆ ಆ ಹುಡುಗನ ಮಟ್ಟಿಗೆ ಅದು ಸದ್ದಲ್ಲ. ಅವನಿಗೆ ಅಪ್ಪ ಇಲ್ಲ ಅಂತ ನೀವೇ ಬರೆದಿದ್ದೀರಿ. ತಪ್ಪು ಕೇಬಲ್ ತಂದವನು ಅವನು, ಬೈಸಿಕೊಂಡಿದ್ದು ರಾಯಚೂರಿನಲ್ಲಿರೋ ಅವನ ತಾಯಿ. ನಾಲಿಗೆಯ ಬಗ್ಗೆ ಬೈಬಲಿನಲ್ಲಿ ಎಲ್ಲರಿಗಿಂತ ಖಾರವಾಗಿ ಬರೆದವನು ಯಾಕೋಬ. ದೇವರನ್ನು ಕೊಂಡಾಡುವ ಬಾಯಲ್ಲೇ ದೇವರ ಹೋಲಿಕೆಯ ಮನುಷ್ಯರನ್ನು ಶಪಿಸೋದು ಸರಿಯಲ್ಲ, ಒಂದೇ ಊಟೆಯಲ್ಲಿ ಸಿಹಿನೀರು ಉಪ್ಪುನೀರು ಎರಡೂ ಬರುತ್ತಾ ಅಂತ ತನ್ನ ಪತ್ರದ 3ನೇ ಅಧ್ಯಾಯದಲ್ಲಿ ಕೇಳ್ತಾನೆ. (ಬೆಂಗಳೂರಿನ ಮನೆಗಳಲ್ಲಿ ಕಾವೇರಿಗೊಂದು ನಲ್ಲಿ, ಬೋರ್‌ವೆಲ್‌ಗೊಂದು ನಲ್ಲಿ ಇರುತ್ತಲ್ಲ, ಬಾಯಿಗೆ ಆ ಸೌಕರ್ಯ ಇಲ್ಲ.) ಅದೇ ಪತ್ರದ 1ನೇ ಅಧ್ಯಾಯದ ಕೊನೆ ವಚನ ತೆಗೆದು ನೋಡಿ. ಕಷ್ಟದಲ್ಲಿರೋ ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳೋದೇ ನಿಜವಾದ ಭಕ್ತಿ ಅನ್ನುತ್ತೆ ಅದು. ಓದೋ ಸರದಿಯಲ್ಲಿ ಅದು ನಿಮಗೇ ಬಂದಿರಲೂಬಹುದು.

ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶದಲ್ಲೂ (ಮತ್ತಾಯ 5) ಹೊಲಸು ಪದಗಳ ಪಟ್ಟಿ ಇಲ್ಲ. ಅಲ್ಲಿ ಬರೋದು ‘ರಕಾ’ ಅನ್ನೋ ಬೈಗುಳ. ಹೆಚ್ಚುಕಮ್ಮಿ ‘ತಲೆ ಖಾಲಿ’ ಅಂತ ಅರ್ಥ. ನಮ್ಮ ಲೆಕ್ಕದಲ್ಲಿ ಅದೊಂದು ಬೈಗುಳವೇ ಅಲ್ಲ, ಅಲ್ವಾ? ಆದರೂ ಅದನ್ನು ಕೊಲೆಯ ಪಕ್ಕದಲ್ಲಿಟ್ಟು ಮಾತಾಡ್ತಾನೆ. ಎದುರಿಗಿರೋನನ್ನು ಲೆಕ್ಕಕ್ಕೇ ಇಲ್ಲ ಅಂತ ಮಾಡೋದು ಅವನಿಗೆ ಅಷ್ಟು ದೊಡ್ಡ ವಿಷಯ.

ಇನ್ನೊಂದು. ನೀವು ಕೇಳದೇ ಇರೋದು. ನಮ್ಮ ಭಾಷೆಯಲ್ಲಿ ಬೈಗುಳ ಬೇರೆ, ಶಾಪ ಬೇರೆ, ಆಣೆ ಬೇರೆ. ಅದೇ 5ನೇ ಅಧ್ಯಾಯದಲ್ಲಿ ಯೇಸು ಆಣೆಯನ್ನು ಇಡಲೇಬೇಡಿ ಅಂದಿದ್ದಾನೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ, ಅಷ್ಟೇ ಸಾಕು. ಕೇಬಲ್ ಕೈಯಲ್ಲಿ ಇಲ್ಲದೆ ‘ದೇವರಾಣೆ ಸಂಜೆ’ ಅಂದಿರಲ್ಲ, ಅದು ನಿಮಗೆ ಬೈಗುಳದ ಲೆಕ್ಕದಲ್ಲಿ ಕಾಣಲೇ ಇಲ್ಲ. ಶಿವಾಜಿನಗರದ ನಮ್ಮಜ್ಜಿ ‘ಕತ್ತೆ’, ‘ಗೂಬೆ’ ಅಂತ ನಮ್ಮನ್ನು ಧಾರಾಳವಾಗಿ ಬೈಯೋರು. ಆದರೆ ಯಾರಾದರೂ ‘ದೇವರಾಣೆ’ ಅಂದರೆ ಕೈಲಿದ್ದ ಸೌಟು ಅಲ್ಲೇ ನಿಲ್ಲೋದು. ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದು ಅನ್ನೋದು ಹತ್ತು ಆಜ್ಞೆಗಳಲ್ಲಿ ನಮ್ಮ ಕ್ಯಾಥೊಲಿಕ್ ಲೆಕ್ಕದಲ್ಲಿ ಎರಡನೆಯದು, ನಿಮ್ಮ ಪ್ರೊಟೆಸ್ಟೆಂಟ್ ಲೆಕ್ಕದಲ್ಲಿ ಮೂರನೆಯದು. ಎರಡೂ ಕಡೆ ಸೌಟು ನಿಲ್ಲಬೇಕಾದ ಜಾಗ ಅದು.

ನಿಮ್ಮ ಹಿರಿಯರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ತಪ್ಪು ಕಂಡರೆ ಮೊದಲು ಅವನೊಬ್ಬನೇ ಇದ್ದಾಗ ಅವನಿಗೇ ಹೇಳು ಅಂತ ಮತ್ತಾಯ 18ರಲ್ಲಿದೆ. ಅವರು ನಿಮ್ಮನ್ನು ಬಿಟ್ಟು ನಿಮ್ಮ ಮನೆಯವರಿಗೆ ಫೋನ್ ಮಾಡಿದರು. ಆದರೆ ಆ ಜಗಳ ಈಗ ಎತ್ತಬೇಡಿ. ನಿಮ್ಮ ತಪ್ಪು ಮುಚ್ಚೋಕೆ ಅವರ ತಪ್ಪು ಎತ್ತಿದ ಹಾಗಾಗುತ್ತೆ.

ಓದೋದು ಬಿಡಬೇಡಿ. ಯೇಸುವನ್ನು ಹಿಡಿದ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ‘ಆ ಮನುಷ್ಯನನ್ನು ನಾನರಿಯೆ’ ಅಂತ ಶಾಪ ಹಾಕಿಕೊಂಡು ಆಣೆ ಇಟ್ಟವನು ಯೇಸುವಿನದೇ ಶಿಷ್ಯ ಪೇತ್ರ. ಆಮೇಲೆ ಬಿಕ್ಕಿಬಿಕ್ಕಿ ಅತ್ತ. ಸಭೆಯ ಮುಂದೆ ಎದ್ದು ನಿಂತು ಮಾತಾಡಿದ್ದೂ ಅವನೇ. ನಿಮ್ಮ ಸಭಾಪಾಲಕರಿಗೆ ನಡೆದದ್ದನ್ನು ನೀವೇ ಮೊದಲು ಹೇಳಿ. ಅವರು ಎರಡು ವಾರ ಬೇಡ ಅಂದರೆ ಎರಡು ವಾರ ಹಿಂದಿನ ಬೆಂಚಲ್ಲಿ ಕೂತುಕೊಳ್ಳಿ.

ಅದಕ್ಕೂ ಮೊದಲು ಹುಡುಗ. ಅವನನ್ನು ಒಳಗೆ ಕರೆದು ಮೆಲ್ಲಗೆ ಹೇಳೋದು ಬೇಡ. ಬೈದಿದ್ದು ಗ್ಯಾರೇಜಿನಲ್ಲಿ ನಾಲ್ಕು ಜನರ ಮುಂದೆ, ಹೇಳೋದೂ ಅಲ್ಲೇ ಆಗಲಿ. ಟೀ ತರಿಸಿ, ಅವನ ಹೆಸರು ಹಿಡಿದು ಕರೆದು, ‘ನಿಮ್ಮಮ್ಮನ್ನ ಎಳೆದು ತರಬಾರದಿತ್ತು ಕಣೋ’ ಅನ್ನಿ. ವಾಕ್ಯಗೀಕ್ಯ ಹೇಳೋಕೆ ಹೋಗಬೇಡಿ. ಅವನು ನಾಚಿಕೊಂಡು ‘ಬಿಡಣ್ಣ’ ಅಂತಾನೆ. ಬಿಡಬೇಡಿ, ಹೇಳಿ ಮುಗಿಸಿ. ಮನೆಯಲ್ಲಿ ಹೆಂಡತಿಗೆ ವಿವರಣೆ ಕೊಡೋಕೆ ಮುಂಚೆ ಇದು ಆಗಿರಲಿ, ಆಗ ವಿವರಣೆ ಜಾಸ್ತಿ ಬೇಕಾಗಲ್ಲ. ಬಾಯಿ ಒಂದೇ ದಿನದಲ್ಲಿ ಸರಿಹೋಗಲ್ಲ. ಮತ್ತೆ ಜಾರುತ್ತೆ, ಮತ್ತೆ ಟೀ ತರಿಸಬೇಕಾಗುತ್ತೆ.

ಅಂದ ಹಾಗೆ, ಆ ಸ್ಕೂಟರ್ ಇನ್ನೂ ನಿಮ್ಮಲ್ಲೇ ನಿಂತಿದ್ದರೆ, ಸರಿಯಾದ ಕೇಬಲ್ ಕೈಗೆ ಬಂದ ಮೇಲೆ ಹಿರಿಯರಿಗೆ ಫೋನ್ ಮಾಡಿ. ಗುರುವಾರ ಆಗೋದಾದರೆ ಗುರುವಾರ ಅನ್ನಿ.