ಮೊದಲು ನಗುವವಳು

ಪಂಚಮಿಗೆ ಅಂತ ತವರಿಗೆ ಬಂದ ಹೆಣ್ಣುಮಗಳು ದಸರಾ ಮುಗಿದರೂ ಗಂಡನ ಮನೆಗೆ ವಾಪಸ್ ಹೋಗಿರಲಿಲ್ಲ. ಕಾರಣ ಕೇಳಿದರೆ ಹೇಳುತ್ತಿರಲಿಲ್ಲ. ಗಂಡ ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಅತ್ತೆಯ ಕಾಟವೂ ಇಲ್ಲ. ಕೊನೆಗೆ ಅವಳ ಅಣ್ಣ ಗಂಡ ಹೆಂಡತಿ ಇಬ್ಬರನ್ನೂ ಬಾಗಲಕೋಟೆ ನವನಗರದ ನನ್ನ ಆಪ್ತಸಲಹೆಯ ಕೋಣೆಗೆ ಕರೆದುಕೊಂಡು ಬಂದರು.

ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಇಬ್ಬರೂ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. ಅವಳನ್ನು ಗಿರಿಜಾ ಅನ್ನೋಣ. ಗಂಡನಿಗೆ ಜಮಖಂಡಿ ಕಡೆ ಗೊಬ್ಬರದ ಅಂಗಡಿ. ಮದುವೆಯಾಗಿ ಆರು ವರ್ಷ. ಎರಡು ಸಲ ಬಸಿರು ನಿಂತು, ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು.

ಗಂಡ ಮಾತುಗಾರ. ಕೂತ ಎರಡು ನಿಮಿಷದಲ್ಲೇ ನಗಿಸಲು ಶುರು ಮಾಡಿದರು. "ಮೇಡಂ, ನಮ್ಮ ಮನಿ ಮಾಳಗಿ ಸೋರತಿತ್ರಿ. ಇಕಿ ಬಡಿದ ನಾಕ ರೊಟ್ಟಿ ಮ್ಯಾಲ ಹೊಂದಿಸಿಟ್ಟೆ, ಸೋರೂದು ನಿಂತ ಬಿಡ್ತು" ಅಂದರು. ಗಿರಿಜಾ ನಕ್ಕಳು. ಅಣ್ಣ ನಕ್ಕರು. ನಾನೂ ನಕ್ಕೆ.

ಆ ನಗು ನನ್ನನ್ನು ಇವತ್ತಿಗೂ ಕಾಡುತ್ತದೆ. ಇದನ್ನು ಬರೆಯಲು ಅದೂ ಒಂದು ಕಾರಣ.

ಆ ದಿನ ಗಂಡ ಹೇಳಿದ್ದು ಇಷ್ಟೇ: "ನಾ ಸುಮ್ನ ಚ್ಯಾಷ್ಟಿ ಮಾಡತೀನ್ರಿ. ಅಕಿನೂ ನಗತಾಳ. ಎಲ್ಲಾರಕಿಂತ ಮೊದಲ ಅಕಿನ ನಗತಾಳ. ಮತ್ತ ಸಿಟ್ಟ ಯಾವಾಗ ಬಂತೋ ಏನೋ." ಇದೇ ಮಾತನ್ನು ನಾನು ಎಷ್ಟೋ ಗಂಡಂದಿರ ಬಾಯಲ್ಲಿ ಕೇಳಿದ್ದೇನೆ. ಅಪ್ಪಂದಿರು ಹೇಳಿದ್ದಾರೆ, ಮೇಷ್ಟ್ರುಗಳೂ ಹೇಳಿದ್ದಾರೆ. ನಗುತ್ತಾರೆ ಅಂದಮೇಲೆ ನೋವಾಗಿಲ್ಲ ಅಂತ ಎಲ್ಲರ ಲೆಕ್ಕ.

ಎರಡನೇ ಸಲ ಗಿರಿಜಾಳನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಹೆಚ್ಚು ಮಾತಾಡಲಿಲ್ಲ. ಮೂರನೇ ಸಲ ಇಬ್ಬರೂ ಇದ್ದರು. "ನೀವೂ ನಗ್ತೀರಂತೆ, ಹೌದಾ?" ಅಂತ ಕೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು:

"ಹೌದ್ರಿ, ನಗತೀನಿ. ನಾ ಮೊದಲ ನಕ್ಕಬಿಟ್ರ ಲಗೂ ಮುಗೀತೈತ್ರಿ. ನಗಲಿಲ್ಲಂದ್ರ 'ಯಾಕ, ಸಿಟ್ಟ ಬಂತೇನ' ಅಂತ ಇನ್ನೊಂದ ಸುರು ಆಗತೈತಿ."

ಗಂಡ ಅವಳ ಕಡೆ ತಿರುಗಿದರು. ಏನೂ ಅನ್ನಲಿಲ್ಲ. "ಯಾವ ಮಾತು ಲಗೂ ಮುಗಿಯಬೇಕು?" ಅಂತ ನಾನು ಕೇಳಿದೆ. ರೊಟ್ಟಿ ಮಾತು ಅಂತ ಹೇಳುತ್ತಾಳೆ ಅಂದುಕೊಂಡಿದ್ದೆ. ಅದಲ್ಲ. ಮದುವೆ, ಜವಳ, ಕುಬಸ (ಸೀಮಂತ) ಎಲ್ಲಿ ಹೋದರೂ ಯಾರಾದರೂ ಹಿರಿಯರು "ಇನ್ನೂ ಏನೂ ಇಲ್ಲೇನು?" ಅಂತ ಕೇಳುತ್ತಾರೆ. ಆಗ ಗಂಡ ಫಟ್ ಅಂತ "ಏ ಅತ್ತಿ, ಇಕಿಗೆ ರೊಟ್ಟಿನ ನೆಟ್ಟಗ ಬಡಿಯಾಕ ಬರೂದಿಲ್ಲ, ಕೂಸ ಎಲ್ಲಿಂದ ತರತಾಳ" ಅನ್ನುತ್ತಾರೆ. ಪಂಕ್ತಿಯಲ್ಲಿ ಕೂತವರೆಲ್ಲ ನಗುತ್ತಾರೆ. ಪ್ರಶ್ನೆ ಅಲ್ಲಿಗೆ ನಿಲ್ಲುತ್ತದೆ. ಎರಡನೇ ಸಲ ಬಸಿರು ಹೋಗಿ ಇನ್ನೂ ಹನ್ನೆರಡು ದಿನ ಆಗಿತ್ತು, ಆಗಲೂ ಇದೇ ಮಾತು ಅಂದಿದ್ದರು. ಅವಳು ದಿನ ಎಣಿಸಿಟ್ಟುಕೊಂಡಿದ್ದಳು.

ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇರಲಿಲ್ಲ. ಆಮೇಲೆ ಗಂಡ ಬಹಳ ಸಣ್ಣ ದನಿಯಲ್ಲಿ ಅಂದರು: "ನಾನೂ ಅದಕ್ಕ ಅಂತಿದ್ದೆ. ಲಗೂ ಮುಗೀಲಿ ಅಂತ."

ಆ ಮಾತಿನಿಂದ ನನಗೆ ಈ ಮನೆ ಅರ್ಥವಾಯಿತು. ಆ ಪ್ರಶ್ನೆಗೆ ಇಬ್ಬರೂ ಹೆದರುತ್ತಿದ್ದರು. ಅವರು ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದರು, ಇವಳು ನಕ್ಕು. ಆದರೆ ಪೆಟ್ಟು ಬೀಳುತ್ತಿದ್ದದ್ದು ಅವಳೊಬ್ಬಳ ಮೇಲೆ. ನೋವು ಇಬ್ಬರದ್ದೂ ಇರಬಹುದು, ಅದು ನನಗೆ ಗೊತ್ತು. ಹಾಗಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ.

ನಗು ಅಂದರೆ ಒಪ್ಪಿಗೆ ಅಂತ ತಿಳಿಯಬೇಡಿ. ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಬಜಾರುಗಳಲ್ಲಿ, ರಸ್ತೆಗಳಲ್ಲಿ ಜನ ಯಾವಾಗ ನಗುತ್ತಾರೆ ಅಂತ ಕಿವಿಗೊಟ್ಟು ಬರೆದಿಟ್ಟುಕೊಂಡರು. ತಮಾಷೆ ಅನ್ನಿಸುವ ಮಾತಿನ ನಂತರ ಬಂದ ನಗು ಹತ್ತರಲ್ಲಿ ಎರಡೂ ಇರಲಿಲ್ಲ. ಮಿಕ್ಕಿದ್ದೆಲ್ಲ "ಬರ್ತೀನಿ", "ಹೌದಾ" ಅನ್ನುವಂಥ ಸಾದಾ ಮಾತಿಗೆ ಬಂದದ್ದು. ಕೇಳುವವರಿಗಿಂತ ಮಾತಾಡುವವರೇ ಜಾಸ್ತಿ ನಗುತ್ತಿದ್ದರು. ನಗು ಬಹಳ ಸಲ ಜೊತೆಗಿದ್ದೇನೆ ಅಂತ ತೋರಿಸುವ ಗುರುತು, ಕೆಲವು ಸಲ ನನ್ನನ್ನು ಬಿಟ್ಟುಬಿಡಿ ಅನ್ನುವ ಬೇಡಿಕೆ. 2003ರಲ್ಲಿ ಕೆನಡಾದ ರಾಡ್ ಮಾರ್ಟಿನ್ ಮತ್ತು ಅವರ ಸಂಗಡಿಗರು ಹಾಸ್ಯದ ನಾಲ್ಕು ಬಗೆ ಗುರುತಿಸಿದರು. ಬೇರೆಯವರನ್ನು ಚುಚ್ಚಿ ನಗಿಸುವುದು ಅದರಲ್ಲಿ ಒಂದು. ತನ್ನನ್ನೇ ಕೀಳು ಮಾಡಿಕೊಂಡು ಬೇರೆಯವರನ್ನು ಖುಷಿಪಡಿಸುವುದು ಇನ್ನೊಂದು. ಬೇರೆಯವರು ತನ್ನನ್ನು ಆಡಿಕೊಳ್ಳುವಾಗ ಜೊತೆಗೂಡಿ ನಗುವುದನ್ನೂ ಅವರು ಈ ಎರಡನೆಯದರಲ್ಲೇ ಸೇರಿಸಿದ್ದಾರೆ. ಗಿರಿಜಾ ಆರು ವರ್ಷ ಮಾಡಿದ್ದು ಅದನ್ನೇ.

ನಮ್ಮ ಕಾನೂನೂ ಇದನ್ನು ಸಣ್ಣದು ಅಂದಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 3ನೇ ಕಲಂ ಮಾತಿನ ಮತ್ತು ಮನಸ್ಸಿನ ಹಿಂಸೆಯಲ್ಲಿ ಗೇಲಿ ಮಾಡುವುದನ್ನು ಸೇರಿಸಿದೆ. ಮಕ್ಕಳಾಗದ್ದಕ್ಕೆ ಅವಮಾನಿಸುವುದನ್ನಂತೂ ಬಿಡಿಸಿ ಹೇಳಿದೆ. ಇದನ್ನು ಆ ಗಂಡನಿಗೆ ಓದಿ ಹೇಳಿದೆ. ಹೆದರಿಸಲು ಅಲ್ಲ. "ಇಷ್ಟು ಸಣ್ಣ ಮಾತಿಗೆ ಇಲ್ಲಿ ತನಕ ಬರಬೇಕಾ" ಅಂತ ಮನೆಯವರು ಅನ್ನುತ್ತಿದ್ದರಲ್ಲ, ಅದಕ್ಕೆ.

ಗಂಡ ಇನ್ನೊಂದು ಮಾತು ಅಂದರು: "ನಮ್ಮ ಕಡೆ ಮಾತ ಹಿಂಗ ಅಲ್ರಿ ಮೇಡಂ?" ಹೌದು, ಹೀಗೆಯೇ. ನಾನೂ ಈ ಮಣ್ಣಿನವಳು. ಈ ಮಾತಿನ ಖಾರ ನನಗೆ ಬಹಳ ಇಷ್ಟ. ಸಣ್ಣವಳಿದ್ದಾಗ ಜಾತ್ರೆಯಲ್ಲಿ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತ ಬಯಲಾಟ ನೋಡಿದ್ದೇನೆ. ಹಾಲು ಮೊಸರು ಮಾರುವ ಗೊಲ್ಲತಿಯನ್ನು ಯಾರಾದರೂ ಕಾಡಿಸಲು ಬಂದರೆ ಆಕೆ ಒಂದು ಮಾತಿಗೆ ಎರಡು ಮಾತು ತಿರುಗಿಸಿ ಕೊಡುತ್ತಾಳೆ. ಜನ ನಗುವುದು ಆ ಕೊಟ್ಟ ಉತ್ತರಕ್ಕೆ. ಬಾಗಲಕೋಟೆಯ ಹೋಳಿಯಲ್ಲಿ ಬ್ಯಾರಲ್ ತುಂಬಿಕೊಂಡ ಬಂಡಿಗಳು ಓಣಿ ಓಣಿ ತಿರುಗುತ್ತವೆ, ಬಣ್ಣ ಎರಚುವವನ ಮೈಮೇಲೂ ಬಣ್ಣ ಬೀಳುತ್ತದೆ. ನಾನು ಅವರನ್ನು ಕೇಳಿದೆ: "ಪಂಕ್ತಿಯಲ್ಲಿ ಹಿರಿಯರ ಮುಂದೆ ತಲೆ ಬಗ್ಗಿಸಿ ಬಡಿಸೋ ಸೊಸೆ ನಿಮಗೆ ತಿರುಗಿ ಏನು ಅನ್ನಬೇಕಿತ್ತು?" ಅವರಲ್ಲಿ ಉತ್ತರ ಇರಲಿಲ್ಲ.

ಸಲಹೆ ಹೀಗೆ ಕೊಟ್ಟೆ. ಹೆಂಡತಿಯ ಬಗ್ಗೆ ನಾಲ್ಕು ಜನರ ಮುಂದೆ ತಮಾಷೆ ಪೂರ್ತಿ ಬಂದ್. ಮನೆಯೊಳಗೆ ಇಬ್ಬರೇ ಇದ್ದಾಗ ಎಷ್ಟು ಬೇಕಾದರೂ ನಗಿ, ಆದರೆ ರೊಟ್ಟಿ ಮಾತು ಇನ್ನು ಅವಳದ್ದು. ಆಡಿದರೆ ಅವಳೇ ಆಡಬೇಕು. ಆ ಪ್ರಶ್ನೆ ಬಂದರೆ ಉತ್ತರ ಕೊಡುವುದು ಗಂಡನ ಕೆಲಸ: "ಅದನ್ನ ನಾವಿಬ್ರೂ ನೋಡ್ಕೊಂತೀವ್ರಿ." ಇಷ್ಟೇ ಮಾತು. ಇದನ್ನು ನನ್ನ ಮುಂದೆ ಏಳೆಂಟು ಸಲ ಹೇಳಿಸಿದೆ. ಮೊದಲ ಮೂರು ಸಲ ಕೊನೆಗೆ ಒಂದು ನಗೆಮಾತು ತಾನಾಗಿ ಬಂದುಬಿಟ್ಟಿತು. ಮಾತುಗಾರನಿಗೆ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಅಂತ ಅವತ್ತು ಕಣ್ಣಾರೆ ಕಂಡೆ.

ಇಬ್ಬರಿಗೂ ಇನ್ನೊಂದು ವಿಷಯ ಬಿಡಿಸಿ ಹೇಳಿದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ತಾಯಿ ಕೊಡ ಎತ್ತಿದ್ದಕ್ಕೆ, ಬಸ್ಸಲ್ಲಿ ಓಡಾಡಿದ್ದಕ್ಕೆ ಆಗುವುದಲ್ಲ. ಇಬ್ಬರೂ ಒಟ್ಟಿಗೆ ಹೋಗಿ ತಪಾಸಣೆ ಮಾಡಿಸಿ ಅಂದೆ. ಅಲ್ಲಿವರೆಗೆ ಎಲ್ಲ ಪರೀಕ್ಷೆಯೂ ಅವಳಿಗೆ ಮಾತ್ರ ಆಗಿತ್ತು.

ಗಿರಿಜಾಳಿಗೆ ಒಂದೇ ಮಾತು ಹೇಳಿದೆ. ನಗು ಬರದಿದ್ದರೆ ನಗಬೇಡಿ.

ಇದನ್ನು ಕೇಳಿದ ನನ್ನ ಗೆಳತಿಯೊಬ್ಬಳು, ಅವಳೂ ಆಪ್ತಸಲಹೆಗಾರ್ತಿ, ಒಪ್ಪಲಿಲ್ಲ. ತಪ್ಪು ಮಾಡಿದ್ದು ಅವನು, ನೋವುಂಡವಳಿಗೆ ಯಾಕೆ ಇನ್ನೊಂದು ಕೆಲಸ ಹಚ್ಚಿದೆ ಅಂದಳು. ಅವಳ ಮಾತಲ್ಲಿ ಸತ್ಯ ಇದೆ. ಹೊಡೆತ ಬಡಿತ ಇರುವ ಮನೆಯಾಗಿದ್ದರೆ ನಾನು ಈ ಸಲಹೆ ಕೊಡುತ್ತಲೇ ಇರಲಿಲ್ಲ. ಅಂಥ ಕಡೆ ನಗದಿರುವುದೂ ಅಪಾಯ, ಅಲ್ಲಿ ಮೊದಲ ಕೆಲಸ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡುವುದು. ಆದರೆ ಇಲ್ಲಿ ಗಂಡ ಹೆಂಡತಿಯ ಮುಖ ನೋಡಿ ಅಳತೆ ಮಾಡುತ್ತಿದ್ದರು, ಆ ಮುಖ ಆರು ವರ್ಷ ಸುಳ್ಳು ಹೇಳಿತ್ತು. ಜೊತೆಗೆ, ತನ್ನ ಮುಖ ತನ್ನದು ಅನ್ನುವುದು ಅವಳಿಗೆ ವಾಪಸ್ ಸಿಗಬೇಕಿತ್ತು. ಇವತ್ತಿಗೂ ನಾನು ಆ ಸಲಹೆಗೆ ನಿಲ್ಲುತ್ತೇನೆ.

ಅವಳು ದೀಪಾವಳಿಗೆ ಗಂಡನ ಮನೆಗೆ ಹೋದಳು. ಎರಡು ತಿಂಗಳ ಮೇಲೆ ಇಬ್ಬರೂ ಬಂದರು. ನಾದಿನಿಯ ಕುಬಸದಲ್ಲಿ ಅದೇ ಅತ್ತಿ ಅದೇ ಪ್ರಶ್ನೆ ಕೇಳಿದ್ದರಂತೆ. ಇವರು ಹೇಳಬೇಕಾದ್ದನ್ನು ಹೇಳಿದರಂತೆ, ನಗದೆ. ಗಿರಿಜಾಳೂ ನಗಲಿಲ್ಲ. ಪಂಕ್ತಿ ಗಪ್ ಆಯಿತು. ಯಾರೋ ಹೋಳಿಗೆ ಮೇಲೆ ತುಪ್ಪ ಹಾಕ್ರಿ ಅಂದರು, ಮಾತು ಬೇರೆ ಕಡೆ ಹೋಯಿತು.

"ಬರೂ ಮುಂದ ಗಾಡಿ ಮ್ಯಾಲ ಕೇಳಿದೆ ನೋಡ್ರಿ," ಅಂದಳು ಗಿರಿಜಾ. "ಅಂಗಡ್ಯಾಗ ಇಡೀ ಊರಿಗೆ ಕೇಳೂವಂಗ ಒದರತೀರಿ. ಅತ್ತಿ ಮುಂದ ಆ ಒಂದ ಮಾತ ಆಡಾಕ ಯಾಕ ಅಷ್ಟ ನಡಗತಿದ್ರಿ, ಅಂತ."

ಗಂಡ ನಕ್ಕರು. ಅವಳು ಆಮೇಲೆ ನಕ್ಕಳು.