ಮೊದಲ ಆರೋಪಿಯ ತಪ್ಪೊಪ್ಪಿಗೆ ಎರಡನೆಯವನಿಗೆ ಎಷ್ಟು ತಾಗುತ್ತದೆ?

ಅಪಹರಣ, ಕೊಲೆ ಕೇಸಿನಲ್ಲಿ ನಿಮ್ಮಣ್ಣ ಎರಡನೇ ಆರೋಪಿ. ಮೊದಲನೆಯವನು ಪೊಲೀಸರಿಗೆ ‘ಇಬ್ಬರೂ ಸೇರಿ ಕೊಂದೆವು, ಹೆಣ ಹಾಕಿದ ಬಾವಿ ತೋರಿಸುತ್ತೇನೆ’ ಎಂದಿದ್ದಾನೆ, ಮೂರನೆಯವನು ಮಾಫಿ ಸಾಕ್ಷಿಯಾಗಿದ್ದಾನೆ (ಕ್ಷಮೆ ಪಡೆದು ಉಳಿದ ಆರೋಪಿಗಳ ವಿರುದ್ಧ ಸಾಕ್ಷಿ ಹೇಳುವವನು). ಇಷ್ಟಕ್ಕೇ ಶಿಕ್ಷೆಯಾಗುತ್ತದೆಯೇ ಎಂದು ಕೇಳಿದ್ದೀರಿ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ (ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 25ರಿಂದ 27, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23). ಹೆಣ ಸಿಕ್ಕಿದ್ದರಿಂದ ‘ಬಾವಿ ತೋರಿಸುತ್ತೇನೆ’ ಎಂಬ ತುಣುಕಷ್ಟೇ ಉಳಿಯುತ್ತದೆ, ಅದೂ ಹೇಳಿದವನ ವಿರುದ್ಧ. ‘ಇಬ್ಬರೂ ಸೇರಿ’ ಎಂಬುದು ಹೊರಗೆ. ಪೊಲೀಸರು ಬರೆದುಕೊಳ್ಳುವ ಆರೋಪಿಯ ಸ್ವಇಚ್ಛಾ ಹೇಳಿಕೆಯಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬೆರೆತಿರುತ್ತವೆ. ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ಇಡೀ ಹೇಳಿಕೆಗೆ ನಿಶಾನೆ ಹಾಕಿಸಲು (ಸಾಕ್ಷ್ಯವೆಂದು ದಾಖಲಿಸಲು) ಹೊರಟರೆ ನಿಮ್ಮ ವಕೀಲರು ಅಲ್ಲೇ ಆಕ್ಷೇಪಿಸಲಿ. ಮಹಜರಿಗೆ (ಪಂಚರ ಮುಂದೆ ಸ್ಥಳದಲ್ಲಿ ಬರೆಯುವ ದಾಖಲೆ) ಮೊದಲೇ ಹೆಣದ ಜಾಗ ಪೊಲೀಸರಿಗೆ ಗೊತ್ತಿತ್ತೇ ಎಂದೂ ನೋಡಿ. ಗೊತ್ತಿದ್ದರೆ ಆ ತುಣುಕೂ ನಿಲ್ಲದು.

ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆಯ ಮಾತು ಬೇರೆ. ಜಂಟಿ ವಿಚಾರಣೆಯಲ್ಲಿ ಅದನ್ನು ಸಹ ಆರೋಪಿಯ ವಿರುದ್ಧ ಪರಿಗಣಿಸಬಹುದು. ಆದರೆ ಸುಪ್ರೀಂ ಕೋರ್ಟಿನ 1952ರ ಕಾಶ್ಮೀರಾ ಸಿಂಗ್ ತೀರ್ಪಿನಂತೆ ಉಳಿದ ಸಾಕ್ಷ್ಯವನ್ನು ಮೊದಲು ತೂಗಬೇಕು, ತಪ್ಪೊಪ್ಪಿಗೆ ಅದಕ್ಕೆ ಊರುಗೋಲು ಮಾತ್ರ.

ನಿಜವಾದ ಅಪಾಯ ಮಾಫಿ ಸಾಕ್ಷಿಯದು. ಅವನು ನಂಬಲರ್ಹನಾಗಿರಬೇಕು, ಮುಖ್ಯ ಅಂಶಗಳಲ್ಲಿ ಸ್ವತಂತ್ರ ಪುಷ್ಟಿಯೂ ಬೇಕು. ಕೊಲೆ ನಡೆದಿದೆ ಎಂಬುದಕ್ಕೆ ಪುಷ್ಟಿ ಸಿಕ್ಕರೆ ಸಾಲದು, ಅದು ನಿಮ್ಮಣ್ಣನನ್ನೇ ಕೃತ್ಯಕ್ಕೆ ಜೋಡಿಸಬೇಕು: ಹಣ ಕೇಳಿದ ಸಿಮ್, ಕೊನೆಯದಾಗಿ ಜೊತೆಗೆ ಕಂಡವರು, ವಶಪಡಿಸಿದ ವಸ್ತು. ದೋಷಾರೋಪ ಪಟ್ಟಿಯಲ್ಲಿ ಇವನ್ನೇ ಮೊದಲು ಹುಡುಕಿ.