ಕೋಟೆಗೆ ಅತ್ತವರು, ಓತಿಗೆ ಮುನಿದವರು

ಮಾನ್ಯರೇ,

ಚಿತ್ರದುರ್ಗದಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿದೆ. ದುರ್ಗದ ಪತನ ಕುರಿತ ತ.ರಾ.ಸು. ಅವರ ಕಾದಂಬರಿ ‘ದುರ್ಗಾಸ್ತಮಾನ’ವನ್ನು ಮೂರು ರಾತ್ರಿ ನಿದ್ದೆಗೆಟ್ಟು ಓದಿ ಅತ್ತ ನೀವು, ಅದರ ಬೆನ್ನಿಗೇ ಮಗಳು ತಂದುಕೊಟ್ಟ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿ, ‘ಇಷ್ಟು ದೂರ ಕಾಡು ಸುತ್ತಿಸಿ ಬರಿಗೈಯಲ್ಲಿ ಕಳಿಸಿದರಲ್ಲ’ ಎಂದು ಬೇಸರಪಟ್ಟಿದ್ದೀರಿ. ಎರಡರಲ್ಲಿ ಯಾವುದು ದೊಡ್ಡದು ಹೇಳಿ ಎಂದಿದ್ದೀರಿ.

ಮೊದಲು ಒಂದು ತಿದ್ದುಪಡಿ. ದುರ್ಗ ಬಿದ್ದದ್ದು 1799ರಲ್ಲಿ ಎಂದು ಬರೆದಿದ್ದೀರಿ. ಅದು ಶ್ರೀರಂಗಪಟ್ಟಣ ಬಿದ್ದ ವರ್ಷ. ಹೈದರಾಲಿಗೆ ದುರ್ಗ ವಶವಾದದ್ದು 1779ರಲ್ಲಿ.

ಯಾವುದು ದೊಡ್ಡದು ಎಂಬ ಪಂಚಾಯಿತಿಗೆ ನಾನು ಕೂರುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಅಳು. ದುರ್ಗವನ್ನಾಳಿದ ಮದಕರಿ ನಾಯಕ ಸೋಲುತ್ತಾನೆಂಬುದು ಅಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು, ಕಾದಂಬರಿಯ ಹೆಸರೇ ಅದನ್ನು ಮುಂದಾಗಿ ಹೇಳಿಬಿಡುತ್ತದೆ. ಆದರೂ ಕೋಟೆಯ ಬಾಗಿಲುಗಳ ವರ್ಣನೆ ಬಂದಾಗ, ಚಿಕ್ಕಂದಿನಲ್ಲಿ ಅಜ್ಜಿಯ ಕೈ ಹಿಡಿದು ಏಕನಾಥೇಶ್ವರಿಯ ಗುಡಿಗೆ ಹತ್ತಿದ ಮೆಟ್ಟಿಲುಗಳು ನೆನಪಾಗಿ ಪುಸ್ತಕ ಮುಚ್ಚಿಟ್ಟೆ ಎಂದಿದ್ದೀರಿ. ಆ ಕಣ್ಣೀರಿನಲ್ಲಿ ತ.ರಾ.ಸು. ಅವರ ಪಾಲೆಷ್ಟು, ಅಜ್ಜಿಯ ಪಾಲೆಷ್ಟು ಎಂದು ಅಳೆಯುವುದು ಕಷ್ಟ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ದುರ್ಗ ನೋಡದವರೂ ಮೆಚ್ಚಿದ್ದಾರೆ ನಿಜ, ಆದರೆ ನೀವು ಅದನ್ನು ಓದಿದ್ದು ಕಣ್ಣಿಗಿಂತ ಹೆಚ್ಚಾಗಿ ಕಾಲಿನಿಂದ.

‘ಕರ್ವಾಲೊ’ ನಿಮಗೆ ಅಂಥ ಮೆಟ್ಟಿಲು ಕೊಡಲಿಲ್ಲ. ಮಂದಣ್ಣನ ಫಜೀತಿಗೆ, ಬಿರಿಯಾನಿ ಕರಿಯಪ್ಪನ ಆರ್ಭಟಕ್ಕೆ ನಕ್ಕಿದ್ದೀರಿ. ಅವರೆಲ್ಲ ಕಾಡು ಸುತ್ತಿ ಹುಡುಕಿದ ಹಾರುವ ಓತಿ ಕಣ್ಣೆದುರೇ ಕಣಿವೆಗೆ ತೇಲಿ ಮರೆಯಾದಾಗ ಮಾತ್ರ ಮುನಿದಿದ್ದೀರಿ. ಮುನಿಸು ನನಗೂ ಹೊಸದಲ್ಲ. ದಾವಣಗೆರೆಯಲ್ಲಿ ಕಾಲೇಜು ಓದುವಾಗ ಲೈಬ್ರರಿಯ ಪ್ರತಿಯಲ್ಲಿ ಕೊನೆಯ ಹಾಳೆಗಳನ್ನು ಯಾರೋ ಹರಿದಿದ್ದಾರೆಂದೇ ತಿಳಿದು, ಹೊಲಿಗೆಯ ದಾರವನ್ನು ಬೆರಳಾಡಿಸಿ ನೋಡಿದ್ದೆ. ಓತಿಯನ್ನು ಹಿಡಿದು ಸೀಸೆಗೆ ಹಾಕಿದ್ದರೆ ನಮಗಿಬ್ಬರಿಗೂ ಸಮಾಧಾನವಾಗುತ್ತಿತ್ತು, ಪುಸ್ತಕವನ್ನು ವಾರದಲ್ಲಿ ಮರೆಯುತ್ತಿದ್ದೆವು.

ನೀವು ಮರೆತಿಲ್ಲ ಎಂಬುದಕ್ಕೆ ನಿಮ್ಮ ಪತ್ರದ ಕೊನೆಯ ಪ್ಯಾರಾವೇ ಸಾಕ್ಷಿ. ಕಳೆದ ಭಾನುವಾರ ಕೋಟೆ ಹತ್ತುವಾಗ, ಬೆನ್ನು ಕೆಂಪಗೆ, ಪಕ್ಕೆ ಕಪ್ಪಗೆ ಇದ್ದ ಓತಿಕ್ಯಾತವೊಂದು ಬಂಡೆಯ ಮೇಲೆ ತಲೆಯಾಡಿಸುತ್ತಿದ್ದುದನ್ನು, ಮಗಳು ಕರೆದರೂ ಕದಲದೆ ಕಾಲು ಗಂಟೆ ನೋಡಿದೆನೆಂದು ಬರೆದಿದ್ದೀರಿ. ಅದು ನಮ್ಮ ಬಂಡೆಗಳ ಓತಿ. ಮರಿ ಮಾಡುವ ಕಾಲಕ್ಕೆ ಗಂಡಿಗೆ ಬರುವ ಬಣ್ಣವದು. ಹಾರುವ ಓತಿ ಪಶ್ಚಿಮ ಘಟ್ಟದ ಮರಗಳಲ್ಲಿದೆ. ಅದು ರೆಕ್ಕೆ ಬಡಿಯುವುದಿಲ್ಲ, ಪಕ್ಕೆಲುಬುಗಳ ನಡುವಿನ ಪೊರೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಅರವತ್ತು ವರ್ಷ ಅದೇ ಕೋಟೆ ಹತ್ತಿಳಿದ ನೀವು ಈ ಬಂಡೆಯ ಓತಿಗಾಗಿ ಹಿಂದೆ ಎಂದಾದರೂ ನಿಂತಿದ್ದಿರಾ?

ಪತ್ರವನ್ನು ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ಆ ಕಾಲು ಗಂಟೆಯನ್ನಷ್ಟೇ ಎರಡು ಪುಟದಲ್ಲಿ ಬರೆದು ಕಳಿಸಿ, ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇವೆ.

— ಸಂಪಾದಕ